ಐದು ಚುಕ್ಕಿ

ಬೆಳಿಗ್ಗೆ ಆರಕ್ಕೆ ಊರಿನ ತೋಳು ಚುಚ್ಚಲು ಹೊರಡುವವಳು ನಾನು.
ವಾಕೋಲಾ, ಕಲೀನಾ, ಕುರ್ಲಾ,
ಹದಿನಾಲ್ಕು ಮನೆ, ಹದಿನಾಲ್ಕು ಖಾಲಿ ಹೊಟ್ಟೆ,
"ಇರುವೆ ಕಚ್ಚಿದ ಹಾಗೆ, ಅಷ್ಟೆ" ಎಂಬ
ಹತ್ತೊಂಬತ್ತು ವರ್ಷದ ಸುಳ್ಳು.

ಕಲೀನಾದ ಹಯಸಿಂತ್ ಬಾಯಿಗೆ ಆ ಸುಳ್ಳು ಬೇಕಿರಲಿಲ್ಲ.
ಬೆರಳು ಮುಂದೆ ಚಾಚಿ, "ಚುಚ್ಚು,
ಇವನ್ನೆಲ್ಲ ಸಕ್ಕರೆ ಯಾವತ್ತೋ ತಿಂದು ಮುಗಿಸಿದೆ" ಎನ್ನುವಳು.
ಮನೆ ಬಿಲ್ಡರನ ಪಾಲಾಗುವ ವಾರ ಅಟ್ಟದಿಂದ ಇಳಿಸಿ ಕೊಟ್ಟಳು
ತೀರಿಹೋದ ತಮ್ಮನ ಗಿಟಾರು. ತಂತಿ ಐದೇ.
"ಆರನೆಯದು ನೀನು ಹಾಕಿಸಿಕೊ. ಕಲಿಸು ಅನ್ನಬೇಡ,
ನಾನು ಅವನಿಗೆ ಬೈದದ್ದೇ ಹೆಚ್ಚು."

ಅದರ ಕುತ್ತಿಗೆಯ ಮೇಲೆ ಐದು ಕೆಂಪು ಚುಕ್ಕಿ.
ರಕ್ತವೆಂದುಕೊಂಡೆ; ನನ್ನ ಕಸುಬೇ ಹಾಗೆ.
ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಹೋಗಲಿಲ್ಲ.

ಕಳ್ವಾದಲ್ಲಿ ನಮ್ಮದು ಒಂದೂವರೆ ಕೋಣೆ.
ಗಂಡನಿಗೆ ನಾಲ್ಕರ ಪಾಳಿ, ಮಗಳಿಗೆ ಹತ್ತನೆಯ ಕ್ಲಾಸು,
ಗೋಡೆಯಾಚೆ ಮ್ಹಸ್ಕೆ ಕಾಕುವಿನ ಕಿವಿ.
ಹಾಗಾಗಿ ರಾತ್ರಿ ಹನ್ನೊಂದಕ್ಕೆ ಸಿಲಿಂಡರಿಗೆ ಬೆನ್ನು ಕೊಟ್ಟು
ತಂತಿಗಳಡಿಗೆ ಮಗಳ ಶಾಲೆಯ ಕಾಲುಚೀಲ ತುರುಕಿ
ಕಲಿತೆ.
ಠಪ್ ಠಪ್. ಗೋಡೆಯ ಹಲ್ಲಿಯೂ ತಿರುಗಿ ನೋಡದಷ್ಟು.

ಪುಸ್ತಕ ಕಿಂಗ್ಸ್ ಸರ್ಕಲ್ ಫುಟ್‌ಪಾತಿನದು, ಅರವತ್ತು ರೂಪಾಯಿ.
ಮೊದಲ ಹನ್ನೆರಡು ಪುಟ ಗೆದ್ದಲಿಗೆ ಸಂದಿದ್ದವು.
ಹದಿಮೂರನೆಯದು ಶುರುವಾಗುವುದೇ
"ಈಗ ನಿಮ್ಮ ಗಿಟಾರು ಶ್ರುತಿಯಲ್ಲಿದೆ" ಎಂದು.
ನಂಬಿದೆ.

ಲೋಕಲ್ಲಿನಲ್ಲಿ ಮೇಲಿನ ಸರಳು ಹಿಡಿದು ಜಿ ಹಿಡಿಯುತ್ತಿದ್ದೆ.
ಎದುರಿನ ಸೀಟಿನವಳು ನನ್ನ ಬೆರಳನ್ನೇ ನೋಡಿ
"ಮುಲುಂಡ್" ಎಂದಳು.
ಸೀಟು ಕೇಳಿದೆನೆಂದುಕೊಂಡಳು. ಕೊಟ್ಟರೆ ಬೇಡವೆನ್ನಲೆ?

ಪರೀಕ್ಷೆ ಮುಗಿದು ಅಪ್ಪ ಮಗಳು ಅಂಕೋಲೆಗೆ ಹೋದ ರಾತ್ರಿ
ಕಾಲುಚೀಲ ತೆಗೆದೆ.
ನಾಲ್ಕು ತಿಂಗಳ ಜಿ. ಒಂದೊಂದು ಬೆರಳೂ ತನ್ನ ತನ್ನ ಜಾಗದಲ್ಲಿ.
ಮೀಟಿದರೆ
ಮೋರಿಯಲ್ಲಿ ಪಾತ್ರೆಗಳ ರಾಶಿ ಜಾರಿದ ಹಾಗೆ.
ಕಾಕು ಗೋಡೆ ಬಡಿದಳು.
ಬೆರಳು ಸರಿಯಾಗಿದೆ ಕಾಕು,
ತಂತಿಗಳು ಬೇರೆ ಬೇರೆ ಊರಿನವು.

ಲೈಟು ಹಾಕಿ ಮಡಿಲಲ್ಲಿ ಮಲಗಿಸಿಕೊಂಡು ನೋಡಿದೆ,
ಸಿಗದ ನರವನ್ನು ನೋಡುವ ಹಾಗೆ.
ಆರು ತಂತಿ, ಐದು ಚುಕ್ಕಿ.
ನಾಲ್ಕು ಐದನೆಯ ಮನೆಯಲ್ಲಿ, ಒಂದು ಮಾತ್ರ ನಾಲ್ಕನೆಯದರಲ್ಲಿ.
ಎಲ್ಲಕ್ಕಿಂತ ತೆಳ್ಳನೆಯದಕ್ಕೆ ಚುಕ್ಕಿಯಿಲ್ಲ.
ಯಾಕಿಲ್ಲ?
ಅದರಾಚೆ ತಂತಿಯೇ ಇಲ್ಲವಲ್ಲ.
ಹಾಗಾದರೆ ಚುಕ್ಕಿ ಇರುವುದು ತನಗಲ್ಲ, ಪಕ್ಕದವಳಿಗೆ.

ಚುಕ್ಕಿಯಲ್ಲಿ ಒತ್ತಿ ಪಕ್ಕದ್ದನ್ನು ಬಿಗಿದೆ.
ಎರಡು ದನಿ ನಡುಗುತ್ತ ನಡುಗುತ್ತ ಹತ್ತಿರ ಬಂದು
ನಡುಕ ನಿಂತಿತು.
ಲೋಕದ ಶ್ರುತಿಗೆ ಸರಿಯೋ ಗೊತ್ತಿಲ್ಲ,
ಒಂದಕ್ಕೊಂದು ಸರಿ.
ಎರಡು ಗಂಟೆಯ ಹೊತ್ತಿಗೆ ಜಿ ಬಂತು.
ಕಾಕು ಬಡಿಯಲಿಲ್ಲ. ನಿದ್ದೆ ಹೋಗಿದ್ದಿರಬಹುದು.

ಉಗುರುಬಣ್ಣ ಅದು.
ಅಕ್ಕನ ಸೀಸೆಯಿಂದ ಕದ್ದದ್ದು.
ಬೈಗುಳ ಯಾವುದಕ್ಕೆಂದು ಈಗ ತಿಳಿಯಿತು.
ಗುರುವಿಲ್ಲದವನೊಬ್ಬ ಇನ್ನೊಬ್ಬಳಿಗೆ ಗುರುತು ಬಿಟ್ಟಿದ್ದನೆಂದು
ಹಯಸಿಂತ್ ಬಾಯಿಗೆ ಹೇಳಬೇಕಿತ್ತು;
ಅವಳ ಹೊಸ ವಿಳಾಸ ಲ್ಯಾಬಿನ ಪಟ್ಟಿಯಲ್ಲಿಲ್ಲ.

ಈಗ ತೊಂದರೆ ಒಂದೇ.
ನರ ಹುಡುಕಿಕೊಡುತ್ತಿದ್ದ ಎಡಗೈ ತೋರುಬೆರಳು ದಡ್ಡುಗಟ್ಟಿದೆ,
ಏನೂ ಹೇಳುವುದಿಲ್ಲ.
ಇವತ್ತು ವಾಕೋಲಾದ ಮುದುಕರ ತೋಳಲ್ಲಿ
ಜಿಗೆ ಬೇಡವಾದ ಕಿರುಬೆರಳಿಟ್ಟು ತಡಕಿದೆ,
ಅತ್ತ, ಇತ್ತ, ಮತ್ತೆ ಅತ್ತ.
"ಹೊಸಬಳೇನಮ್ಮಾ?" ಎಂದರು.

ಹೌದು ಎಂದೆ.